32 ಬಿಟ್‌ಗಳ ನಡುವೆ ಒಂದು ಗೆರೆ

ಕಂಪ್ಯೂಟರಿನ ನೆಟ್‌ವರ್ಕ್ ಸೆಟ್ಟಿಂಗ್ಸ್ ತೆರೆದರೆ ಮೂರು ಸಾಲು ಕಾಣುತ್ತವೆ: ಐಪಿ ವಿಳಾಸ, ಸಬ್‌ನೆಟ್ ಮಾಸ್ಕ್, ಗೇಟ್‌ವೇ. ಮೊದಲನೆಯದು ಯಂತ್ರದ ಗುರುತು, ಮೂರನೆಯದು ಹೊರಹೋಗುವ ದಾರಿ ಎಂದು ಹೊಸಬರು ಬೇಗ ಒಪ್ಪಿಕೊಳ್ಳುತ್ತಾರೆ. ನಡುವೆ ಕೂತಿರುವ 255ಗಳು ಯಾಕಿವೆ ಎಂಬುದು ಮಾತ್ರ ತಿಳಿಯುವುದಿಲ್ಲ. ಇದ್ದರೆ ಇರಲಿ ಎಂದು ಮುಂದೆ ಹೋಗುತ್ತಾರೆ. ಅದನ್ನು ಹೇಗೆ ಕಲಿಸಬೇಕು ಎಂಬುದರಲ್ಲಿ ಎರಡು ಪಕ್ಷಗಳಿವೆ. ಬಿಟ್‌ಗಳಿಂದಲೇ ಶುರುಮಾಡಬೇಕು ಎನ್ನುವವರು ಒಂದು ಕಡೆ, ಬಿಟ್‌ಗಳ ಗೋಜಿಗೆ ಹೋಗದೆ ಬಳಸುತ್ತ ಕಲಿಯಬೇಕು ಎನ್ನುವವರು ಇನ್ನೊಂದು ಕಡೆ. ಈ ಮಾತುಕತೆಯಲ್ಲಿ ಮೊದಲ ಪಕ್ಷ ಪಾಲಿಟೆಕ್ನಿಕ್ಕಿನಲ್ಲಿ ನೆಟ್‌ವರ್ಕಿಂಗ್ ಪಾಠ ಹೇಳುವ ಅಧ್ಯಾಪಕಿಯದು, ಎರಡನೆಯದು ಕ್ಲೌಡ್ ಕೆಲಸದಲ್ಲಿರುವ ತರುಣನದು.

ತರುಣ: ಮೇಡಂ, ಈ ಮಾಸ್ಕ್ ಲೆಕ್ಕವನ್ನು ಈಗ ಯಾರು ಮಾಡುತ್ತಾರೆ ಹೇಳಿ? ಫೋನನ್ನು ವೈಫೈಗೆ ಸೇರಿಸಿದ ಕೂಡಲೇ ವಿಳಾಸ, ಮಾಸ್ಕ್, ಗೇಟ್‌ವೇ ಮೂರನ್ನೂ ಡಿಎಚ್‌ಸಿಪಿ ಕೊಟ್ಟುಬಿಡುತ್ತದೆ. ಕೈಯಾರೆ ತುಂಬಬೇಕಾದ ಕಡೆ ಸಬ್‌ನೆಟ್ ಕ್ಯಾಲ್ಕುಲೇಟರ್ ಇದೆ, ಒಂದು ಕ್ಲಿಕ್ಕಿಗೆ ಎಲ್ಲ ಹೇಳುತ್ತದೆ. ಆದರೂ ಮೊದಲ ದಿನವೇ ಹುಡುಗರ ಕೈಲಿ ಸೊನ್ನೆ-ಒಂದು ಬರೆಸುತ್ತೀರಿ. ಅರ್ಧ ತರಗತಿ ಅಲ್ಲೇ ಕೈಚೆಲ್ಲುತ್ತದೆ.

ಅಧ್ಯಾಪಕಿ: ಯಾರು ಮಾಡುತ್ತಾರೆ ಎಂದರೆ, ನಿನ್ನ ಫೋನೇ ಮಾಡುತ್ತದಪ್ಪಾ. ಪ್ಯಾಕೆಟ್ಟನ್ನು ಹೊರಗೆ ಬಿಡುವ ಮುನ್ನ ಅದು ಒಂದೇ ಒಂದು ಪ್ರಶ್ನೆಗೆ ಉತ್ತರ ಹುಡುಕಬೇಕು: ತಲುಪಬೇಕಾದ ಯಂತ್ರ ನನ್ನ ಜಾಲದೊಳಗೇ ಇದೆಯೋ, ಹೊರಗಿದೆಯೋ? ಒಳಗಿದ್ದರೆ ನೇರವಾಗಿ ಕೊಡುತ್ತದೆ, ಹೊರಗಿದ್ದರೆ ಗೇಟ್‌ವೇ ಕೈಗೆ ಒಪ್ಪಿಸುತ್ತದೆ. ಈ ತೀರ್ಮಾನಕ್ಕೆ ವಿಳಾಸವೊಂದೇ ಸಾಲದು. 32 ಬಿಟ್‌ಗಳಲ್ಲಿ ಎಲ್ಲಿಯವರೆಗೆ ಜಾಲದ ಭಾಗ, ಎಲ್ಲಿಂದ ಯಂತ್ರದ ಭಾಗ ಎನ್ನುವ ಗೆರೆ ಗೊತ್ತಿರಬೇಕು. ಆ ಗೆರೆಯೇ ಮಾಸ್ಕ್. ನಮ್ಮ ಲ್ಯಾಂಡ್‌ಲೈನ್ ನಂಬರುಗಳನ್ನೇ ನೆನಪಿಸಿಕೋ. ಮೊದಲಿನ ಸೊನ್ನೆ ಬಿಟ್ಟರೆ ಒಟ್ಟು ಹತ್ತು ಅಂಕಿ. ಬೆಂಗಳೂರಿಗೆ 80 ಎಂಬ ಎರಡಂಕಿಯ ಕೋಡ್, ಆದ್ದರಿಂದ ಊರೊಳಗಿನ ನಂಬರಿಗೆ ಎಂಟು ಅಂಕಿ. ಮೈಸೂರಿಗೆ 821, ಊರೊಳಗೆ ಏಳು. ಶಿವಮೊಗ್ಗಕ್ಕೆ 8182, ಊರೊಳಗೆ ಆರು. ಕೋಡ್ ಉದ್ದವಾದಷ್ಟೂ ಆ ಊರಿನಲ್ಲಿ ಕೊಡಬಹುದಾದ ನಂಬರು ಕಡಿಮೆ. ಊರೊಳಗೆ ಮಾಡುವಾಗ ಕೋಡ್ ಬೇಡ, ಹೊರಗೆ ಮಾಡುವಾಗ ಮುಂದೆ ಸೊನ್ನೆ ಒತ್ತಿ ಎಕ್ಸ್‌ಚೇಂಜಿಗೆ ಒಪ್ಪಿಸಬೇಕು. ಐಪಿ ವಿಳಾಸ ಮಾಡುವ ಕೆಲಸವೂ ಇಷ್ಟೇ. ಅಂಕಿಯ ಬದಲು ಬಿಟ್.

ತರುಣ: ಹೋಲಿಕೆ ಚೆನ್ನಾಗಿದೆ, ಆದರೆ ಅದು ನನ್ನ ಪರವಾಗಿಯೇ ಮಾತಾಡುತ್ತದೆ. ಶಿವಮೊಗ್ಗದ ಕೋಡ್ ಎಷ್ಟು ಅಂಕಿ ಎಂಬುದು ಡೈರೆಕ್ಟರಿಯಲ್ಲಿ ಅಚ್ಚಾಗಿರುತ್ತಿತ್ತು, ಎಲ್ಲರಿಗೂ ಒಂದೇ. ಅದನ್ನು ತಿಳಿಯಲು ಯಾರೂ ಲೆಕ್ಕ ಹಾಕಲಿಲ್ಲ. ಐಪಿಯಲ್ಲೂ ಗೆರೆ ಎಲ್ಲಿದೆ ಎಂದು ವಿಳಾಸವೇ ಹೇಳುವಂತಿದ್ದರೆ ಈ ಪಾಠವೇ ಬೇಕಿರಲಿಲ್ಲ.

ಅಧ್ಯಾಪಕಿ: ಹಾಗೆ ಹೇಳುವ ಕಾಲವೂ ಇತ್ತು. 1981ರ ಸೆಪ್ಟೆಂಬರಿನಲ್ಲಿ ಜಾನ್ ಪೋಸ್ಟೆಲ್ ಸಂಪಾದಕತ್ವದಲ್ಲಿ ಬಂದ ಆರ್‌ಎಫ್‌ಸಿ 791ರಲ್ಲಿ ವಿಳಾಸದ ಮೊದಲ ಕೆಲವು ಬಿಟ್ ನೋಡಿದರೆ ಸಾಕಿತ್ತು. ಸೊನ್ನೆಯಿಂದ ಶುರುವಾದರೆ ಎ ಕ್ಲಾಸ್, ಗೆರೆ 8 ಬಿಟ್‌ಗಳ ನಂತರ. 10ರಿಂದ ಶುರುವಾದರೆ ಬಿ ಕ್ಲಾಸ್, ಗೆರೆ 16ರ ನಂತರ. 110 ಆದರೆ ಸಿ ಕ್ಲಾಸ್, ಗೆರೆ 24ರ ನಂತರ. ಅಚ್ಚುಕಟ್ಟು ವ್ಯವಸ್ಥೆಯೇ, ಆದರೆ ಅಳತೆ ಮೂರೇ. ಸಿ ಕ್ಲಾಸಿನ ಒಂದು ಜಾಲಕ್ಕೆ 254 ಯಂತ್ರ, ಬಿ ಕ್ಲಾಸಿಗೆ 65,534, ಎ ಕ್ಲಾಸಿಗೆ 1,67,77,214. ಸಾವಿರ ಯಂತ್ರಗಳ ಸಂಸ್ಥೆಗೆ ಸಿ ಸಾಲದು, ಬಿ ಕೊಟ್ಟರೆ ಅರವತ್ತನಾಲ್ಕು ಸಾವಿರ ವಿಳಾಸ ಪೋಲು. ಇಡೀ ಲೋಕಕ್ಕೆ ಇದ್ದ ಬಿ ಕ್ಲಾಸ್ ಜಾಲಗಳು 16,384 ಮಾತ್ರ, ಎಲ್ಲರಿಗೂ ಬೇಕಾದದ್ದು ಅದೇ. ಅದಕ್ಕಿಂತ ಮೊದಲೇ ವಿಶ್ವವಿದ್ಯಾಲಯಗಳಲ್ಲಿ ಇನ್ನೊಂದು ತೊಂದರೆ ತಲೆಯೆತ್ತಿತ್ತು: ಒಂದೇ ಕ್ಯಾಂಪಸ್ಸಿನಲ್ಲಿ ಹಲವು ಸ್ಥಳೀಯ ಜಾಲಗಳು, ಹೊರಗಿನವರಿಗೆ ಕಾಣಬೇಕಾದದ್ದು ಒಂದೇ ಜಾಲ. ಸ್ಟ್ಯಾನ್‌ಫರ್ಡಿನ ಜೆಫ್ರಿ ಮೊಗಲ್ 1984ರಲ್ಲಿ ಇದರ ಬಗ್ಗೆ ಬರೆದರು. ಮರುವರ್ಷ ಆಗಸ್ಟಿನಲ್ಲಿ ಅವರೂ ಪೋಸ್ಟೆಲ್ಲರೂ ಸೇರಿ ಆರ್‌ಎಫ್‌ಸಿ 950 ತಂದರು. ಜಾಲದೊಳಗೆ ಇನ್ನೊಂದು ಗೆರೆ ಎಳೆಯುವ ಹಕ್ಕು ಆ ಜಾಲದವರಿಗೇ ಸಿಕ್ಕಿತು. ಗೆರೆ ಇನ್ನು ವಿಳಾಸದಿಂದ ಗೊತ್ತಾಗುವಂತಿಲ್ಲವಲ್ಲ, ಅದನ್ನು ಬೇರೆಯಾಗಿ ಬರೆದಿಡಬೇಕಾಯಿತು. ಮಾಸ್ಕ್ ಹುಟ್ಟಿದ್ದು ಹೀಗೆ.

ತರುಣ: ಸರಿ, 1993ರಲ್ಲಿ ಕ್ಲಾಸ್‌ಗಳನ್ನೇ ತೆಗೆದುಹಾಕಿ ಸಿಐಡಿಆರ್ ತಂದರು. ಗೆರೆಯನ್ನು 32ರಲ್ಲಿ ಎಲ್ಲಿ ಬೇಕಾದರೂ ಹಾಕಬಹುದು, ವಿಳಾಸದ ಮುಂದೆ ಸ್ಲ್ಯಾಶ್ ಹಾಕಿ ಸಂಖ್ಯೆ ಬರೆದರಾಯಿತು. ಮೂವತ್ತು ವರ್ಷ ದಾಟಿತು. ಆದರೂ ನಿಮ್ಮ ಪಠ್ಯಪುಸ್ತಕಗಳಲ್ಲಿ ಎ, ಬಿ, ಸಿ ಇನ್ನೂ ಮೊದಲ ಅಧ್ಯಾಯ. ಅದನ್ನು ಓದಿದ ಹುಡುಗ 10ರಿಂದ ಶುರುವಾಗುವ ವಿಳಾಸ ಕಂಡರೆ ಮಾಸ್ಕ್ 255.0.0.0 ಎಂದೇ ಹೇಳುತ್ತಾನೆ. 10.20.32.0/20 ತೋರಿಸಿದರೆ ಕಕ್ಕಾಬಿಕ್ಕಿಯಾಗುತ್ತಾನೆ. ಬಿಟ್ ಕಲಿಸುವ ಹಟದಲ್ಲಿ ಸತ್ತ ವ್ಯವಸ್ಥೆಯನ್ನೂ ಜೊತೆಗೆ ತಲೆಗೆ ತುಂಬುತ್ತೀರಿ.

ಅಧ್ಯಾಪಕಿ: ಆ ಮಾತು ಒಪ್ಪುತ್ತೇನೆ. ಕ್ಲಾಸ್‌ಗಳನ್ನು ಇತಿಹಾಸವಾಗಿ ಹೇಳಬೇಕೇ ಹೊರತು ನಿಯಮವಾಗಿ ಅಲ್ಲ. ಆದರೆ ಆ ಹುಡುಗ ಕಕ್ಕಾಬಿಕ್ಕಿಯಾದದ್ದು ಯಾಕೆ ನೋಡು. ಬಿಟ್ ಕಲಿತದ್ದರಿಂದ ಅಲ್ಲ, ಬಿಟ್ ಬಿಟ್ಟು ಚುಕ್ಕೆಗಳನ್ನು ನಂಬಿದ್ದರಿಂದ. ಚುಕ್ಕೆ ಮನುಷ್ಯರ ಅನುಕೂಲಕ್ಕೆ, ಯಂತ್ರಕ್ಕೆ ಅದು ಗೊತ್ತೇ ಇಲ್ಲ. ನಿನ್ನ /20 ಉದಾಹರಣೆಯನ್ನೇ ತಗೋ. 10.20.47.200 ಮತ್ತು 10.20.32.9, ಇವೆರಡು ಒಂದೇ ಜಾಲದವೋ ಅಲ್ಲವೋ? 10.20.47.200 ಮತ್ತು 10.20.48.1 ಹೇಗೆ? ಕಣ್ಣಿಗೆ ಎರಡನೆಯ ಜೋಡಿಯೇ ಹತ್ತಿರ ಕಾಣುತ್ತದೆ. ನಿಜದಲ್ಲಿ ಮೊದಲ ಜೋಡಿ ಒಳಗಿನದು, ಎರಡನೆಯದರ ನಡುವೆ ಗೆರೆ ಹಾದುಹೋಗುತ್ತದೆ. ಆ ಜಾಲ 10.20.32.0ಯಿಂದ 10.20.47.255ರವರೆಗೆ, 4,096 ವಿಳಾಸ. ಮೂರನೆಯ ಸಂಖ್ಯೆಯನ್ನು ಎಂಟು ಬಿಟ್ ಮಾಡಿ ಬರೆದರೆ 32 ಎಂದರೆ 00100000, 47 ಎಂದರೆ 00101111, 48 ಎಂದರೆ 00110000. ಮೊದಲ ನಾಲ್ಕು ಬಿಟ್ ನೋಡು: 0010, 0010, 0011. ಗೆರೆ ಬರಿಗಣ್ಣಿಗೆ ಕಂಡಿತಲ್ಲ? ಇದನ್ನು ಬಿಟ್ ಇಲ್ಲದೆ ಹೇಗೆ ತೋರಿಸುತ್ತೀ?

ತರುಣ: ತೋರಿಸುವುದೇನು, ಮಾಡಿಸುತ್ತೇನೆ. ನನ್ನ ಮೊದಲ ಪಾಠದಲ್ಲಿ ಹಾಳೆಯೇ ಇರುವುದಿಲ್ಲ. ಒಂದು ರೂಟರ್, ಅದರ ಎರಡು ಬದಿಗೆ ಎರಡು ಜಾಲ, ಎರಡಕ್ಕೂ /26. ಒಂದು ಬದಿಯಲ್ಲಿ 192.168.1.130 ಎಂಬ ಕಂಪ್ಯೂಟರ್, ಅದರ ಗೇಟ್‌ವೇ 129. ಇನ್ನೊಂದು ಬದಿಯಲ್ಲಿ 192.168.1.200 ಎಂಬ ಪ್ರಿಂಟರ್. ಎಲ್ಲ ಸರಿಯಾಗಿ ಓಡುತ್ತಿರುವಾಗ ಕಂಪ್ಯೂಟರಿನ ಮಾಸ್ಕನ್ನು ಮಾತ್ರ 255.255.255.0 ಮಾಡಿಸುತ್ತೇನೆ. ಈಗ ಏನಾಗುತ್ತದೆ? ಇಂಟರ್ನೆಟ್ ಏನೂ ಆಗದಂತೆ ಓಡುತ್ತಿರುತ್ತದೆ, ಪ್ರಿಂಟರ್ ಮಾತ್ರ ಸಿಗುವುದಿಲ್ಲ. ವಿಂಡೋಸಿನಲ್ಲಿ ಪಿಂಗ್ ಮಾಡಿದರೆ ತಲುಪಲಾಗದು ಎಂಬ ಉತ್ತರ ರೂಟರಿನಿಂದ ಬರುವುದಿಲ್ಲ, 192.168.1.130ರಿಂದಲೇ ಬರುತ್ತದೆ. ತನಗೆ ತಾನೇ ಉತ್ತರ ಕೊಟ್ಟುಕೊಳ್ಳುತ್ತಿದೆಯಲ್ಲ, ಯಾಕೆ ಎಂದು ಹುಡುಗರು ಕೇಳುತ್ತಾರೆ. ಆ ಪ್ರಶ್ನೆ ಹುಟ್ಟಿದ ಮೇಲೆ ಮಾಸ್ಕ್ ಅರ್ಥವಾಗಲು ಹತ್ತು ನಿಮಿಷ ಸಾಕು. ಪ್ರಿಂಟರ್ ಪಕ್ಕದಲ್ಲೇ ಇದೆ ಎಂದು ಕಂಪ್ಯೂಟರ್ ತಪ್ಪು ತಿಳಿದಿದೆ. 200 ಯಾರು ಎಂದು ತನ್ನ ಜಾಲದಲ್ಲೇ ಎಆರ್‌ಪಿ ಕೂಗು ಹಾಕುತ್ತಿದೆ. ಆ ಕೂಗು ರೂಟರನ್ನು ದಾಟುವುದಿಲ್ಲ, ಓಗೊಡುವವರು ಯಾರೂ ಇಲ್ಲ.

ಅಧ್ಯಾಪಕಿ: ಒಳ್ಳೆಯ ಪ್ರಯೋಗ. ಪ್ರಿಂಟರಿನ ಕಡೆಯಿಂದಲೂ ನೋಡಿಸುತ್ತೀಯಾ?

ತರುಣ: ಅದೇ ಇದರ ಸೊಗಸು. ಪ್ರಿಂಟರಿನ ಮಾಸ್ಕ್ ಸರಿಯಿದೆ. 130 ಹೊರಗಿನದು ಎಂದು ಅದಕ್ಕೆ ಗೊತ್ತು, ಪ್ಯಾಕೆಟ್ಟನ್ನು ತನ್ನ ಗೇಟ್‌ವೇಗೆ ಕೊಡುತ್ತದೆ, ರೂಟರ್ ತಂದು ಮುಟ್ಟಿಸುತ್ತದೆ. ಕಂಪ್ಯೂಟರಿಗೆ ಮಾತು ಕೇಳಿಸುತ್ತದೆ, ಮರುಮಾತು ಮಾತ್ರ ವಾಪಸು ಹೋಗುವುದಿಲ್ಲ. ನಿಮ್ಮ ಹಾಳೆಯ ಮೇಲಿನ ಲೆಕ್ಕ ಇದನ್ನು ಯಾವತ್ತೂ ಹೇಳಿಕೊಡುವುದಿಲ್ಲ ಮೇಡಂ. ಅಲ್ಲಿ ಪ್ರಶ್ನೆ ಹೀಗಿರುತ್ತದೆ: ಈ ವಿಳಾಸ, ಈ ಮಾಸ್ಕ್, ಜಾಲ ಯಾವುದು? ಮಾಸ್ಕ್ ಎನ್ನುವುದು ಆ ವಿಳಾಸಕ್ಕೆ ಅಂಟಿಕೊಂಡು ಹುಟ್ಟಿದ್ದು ಎಂದೇ ಓದುವವನಿಗೆ ಅನಿಸುತ್ತದೆ. ವಾಸ್ತವದಲ್ಲಿ ಮಾಸ್ಕ್ ಪ್ಯಾಕೆಟ್ಟಿನಲ್ಲಿ ಪ್ರಯಾಣವನ್ನೇ ಮಾಡುವುದಿಲ್ಲ. ಐಪಿ ಹೆಡರಿನಲ್ಲಿ ಕಳಿಸಿದವರ ವಿಳಾಸಕ್ಕೆ 32 ಬಿಟ್, ತಲುಪಬೇಕಾದವರ ವಿಳಾಸಕ್ಕೆ 32 ಬಿಟ್ ಇದೆ, ಮಾಸ್ಕಿಗೆ ಜಾಗವಿಲ್ಲ. ಪ್ರತಿಯೊಂದು ಯಂತ್ರವೂ ತನ್ನ ಮಾಸ್ಕನ್ನು ತನ್ನಲ್ಲೇ ಇಟ್ಟುಕೊಂಡು, ಎದುರಿನವರ ವಿಳಾಸವನ್ನೂ ಅದರಿಂದಲೇ ಅಳೆಯುತ್ತದೆ. ಒಬ್ಬರ ಅಳತೆಗೂ ಇನ್ನೊಬ್ಬರ ಅಳತೆಗೂ ಹೊಂದದಿದ್ದರೆ ಒಮ್ಮುಖ ಸಂಭಾಷಣೆಯೇ ಗತಿ.

ಅಧ್ಯಾಪಕಿ: ಇದು ಮುಖ್ಯವಾದ ಮಾತು, ಇದಕ್ಕೆ ನನ್ನ ತಕರಾರಿಲ್ಲ. ಆರ್‌ಎಫ್‌ಸಿ 950ರಲ್ಲೇ ಇದಕ್ಕೆ ಪುರಾವೆಯಿದೆ. ನನ್ನ ಮಾಸ್ಕ್ ಯಾವುದು ಎಂದು ಯಂತ್ರವೊಂದು ಜಾಲದವರನ್ನು ಕೇಳುವುದಕ್ಕೆಂದೇ ಐಸಿಎಂಪಿಯಲ್ಲಿ ಒಂದು ಸಂದೇಶವನ್ನು ಅದು ಸೇರಿಸಿತು. ಸ್ವಂತ ವಿಳಾಸ ಗೊತ್ತಿದ್ದರೂ ಮಾಸ್ಕನ್ನು ಕೇಳಿ ತಿಳಿಯಬೇಕಿತ್ತು. ಆದರೆ ನಿನ್ನ ಪ್ರಯೋಗದ ಒಂದು ಮೋಸವನ್ನು ನೀನು ಹೇಳಲಿಲ್ಲ. ರೂಟರಿನಲ್ಲಿ ಪ್ರಾಕ್ಸಿ ಎಆರ್‌ಪಿ ಚಾಲೂ ಇದ್ದರೆ, 200 ಯಾರು ಎಂಬ ಕೂಗಿಗೆ ರೂಟರೇ ನಾನು ಎಂದು ಓಗೊಡುತ್ತದೆ, ಪ್ಯಾಕೆಟ್ಟನ್ನು ಇಸಿದುಕೊಂಡು ಆಚೆ ದಾಟಿಸುತ್ತದೆ. ಮಾಸ್ಕ್ ತಪ್ಪು, ಪ್ರಿಂಟ್ ಮಾತ್ರ ಬರುತ್ತದೆ. ತಪ್ಪು ಇನ್ನೊಂದು ಬಗೆಯದಾದರೂ ಅಷ್ಟೇ. /26 ಇರಬೇಕಾದ ಕಡೆ /27 ಹಾಕಿದರೆ, 130ರ ಯಂತ್ರ ತನ್ನ ನೆರೆ 128ರಿಂದ 159ರವರೆಗೆ ಮಾತ್ರ ಎಂದುಕೊಳ್ಳುತ್ತದೆ. ತನ್ನದೇ ಜಾಲದ 170ಕ್ಕೆ ಹೋಗಬೇಕಾದ್ದನ್ನೂ ಗೇಟ್‌ವೇಗೆ ಕೊಡುತ್ತದೆ, ಗೇಟ್‌ವೇ ಅದನ್ನು ಬಂದ ದಾರಿಯಲ್ಲೇ ತಿರುಗಿಸಿ ಕಳಿಸುತ್ತದೆ. ಸುತ್ತುಬಳಸಾದರೂ ಕೆಲಸ ನಡೆಯುತ್ತದೆ. ಪ್ರಯೋಗವನ್ನಷ್ಟೇ ನಂಬಿದ ಹುಡುಗ ಪಿಂಗ್ ಹೋಯಿತು, ಮಾಸ್ಕ್ ಸರಿ ಎಂದು ಬರೆದುಕೊಳ್ಳುತ್ತಾನೆ. ತಪ್ಪು ಕಾರಣಕ್ಕೆ ಸರಿ ಉತ್ತರ ಬಂದಾಗ ಹಿಡಿಯುವುದು ಲೆಕ್ಕ ಮಾತ್ರ. 130 ಎಂದರೆ 10000010, /26 ಮಾಸ್ಕಿನ ಕೊನೆಯ ಸಂಖ್ಯೆಯಾದ 192 ಎಂದರೆ 11000000. ಒಂದರ ಕೆಳಗೆ ಒಂದು ಬರೆದು ಆ್ಯಂಡ್ ಮಾಡಿದರೆ ಎರಡರಲ್ಲೂ ಒಂದಿರುವ ಕಡೆ ಮಾತ್ರ ಒಂದು ಉಳಿಯುತ್ತದೆ, 10000000, ಅಂದರೆ 128. 200 ಎಂದರೆ 11001000; ಅದನ್ನೂ ಹಾಗೆ ಮಾಡಿದರೆ 11000000, ಅಂದರೆ 192. ಎರಡು ಉತ್ತರ ಬೇರೆ, ಹಾಗಾಗಿ ಜಾಲವೂ ಬೇರೆ. ರೂಟರ್ ಏನೇ ಉಪಕಾರ ಮಾಡಲಿ, ಇದು ಬದಲಾಗುವುದಿಲ್ಲ.

ತರುಣ: ಲೆಕ್ಕ ಬದಲಾಗುವುದಿಲ್ಲ, ಲೆಕ್ಕದ ಮೇಲೆ ನೀವು ಕಟ್ಟಿದ ಸೂತ್ರಗಳು ಬದಲಾಗುತ್ತವೆ. ಯಂತ್ರಗಳ ಸಂಖ್ಯೆ ಎಷ್ಟು ಎಂದರೆ ಎರಡರ ಘಾತದಿಂದ ಎರಡು ಕಳೆ ಎಂದು ಬಾಯಿಪಾಠ ಮಾಡಿಸುತ್ತೀರಿ. ಮೊದಲನೆಯದು ಜಾಲದ ಹೆಸರಿಗೆ, ಕೊನೆಯದು ಬ್ರಾಡ್‌ಕಾಸ್ಟಿಗೆ, /26ರಲ್ಲಿ 64ರಿಂದ ಎರಡು ಹೋಗಿ 62. ಸರಿ. ನಾನು ಕೆಲಸ ಮಾಡುವ ಕ್ಲೌಡಿಗೆ ಬನ್ನಿ. ಅಮೆಜಾನಿನ ವಿಪಿಸಿಯಲ್ಲಿ /28 ಸಬ್‌ನೆಟ್ ಮಾಡಿದರೆ ನಿಮ್ಮ ಸೂತ್ರದಂತೆ 14 ಸಿಗಬೇಕು, ಸಿಗುವುದು 11. ಪ್ರತಿ ಸಬ್‌ನೆಟ್ಟಿನಲ್ಲೂ ಮೊದಲ ನಾಲ್ಕನ್ನೂ ಕೊನೆಯ ಒಂದನ್ನೂ ಅವರು ತಮಗೆಂದು ಇಟ್ಟುಕೊಳ್ಳುತ್ತಾರೆ. ಎರಡು ರೂಟರುಗಳ ನಡುವಿನ ಕೊಂಡಿಗೆ /31 ಹಾಕಬಹುದು ಎಂದು 2000ದ ಡಿಸೆಂಬರಿನ ಆರ್‌ಎಫ್‌ಸಿ 3021 ಹೇಳುತ್ತದೆ. ನಿಮ್ಮ ಸೂತ್ರಕ್ಕೆ ಹಾಕಿದರೆ ಅಲ್ಲಿ ಸಿಗಬೇಕಾದದ್ದು ಸೊನ್ನೆ ಯಂತ್ರ, ನಿಜದಲ್ಲಿ ಎರಡೂ ವಿಳಾಸ ಬಳಕೆಯಾಗುತ್ತವೆ.

ಅಧ್ಯಾಪಕಿ: ಎರಡು ಕಳೆಯುವುದು ಲೆಕ್ಕದ ಮಾತಲ್ಲ, ರೂಢಿಯ ಮಾತು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದು ಕಲಿಸುವವರ ತಪ್ಪು, ಬಿಟ್‌ಗಳ ತಪ್ಪಲ್ಲ. /28 ಎಂದರೆ ಉಳಿದದ್ದು ನಾಲ್ಕು ಬಿಟ್, ಹದಿನಾರು ವಿಳಾಸ. ಇದು ಅಮೆಜಾನಿನಲ್ಲೂ ಅಷ್ಟೇ, ನಮ್ಮ ಲ್ಯಾಬಿನಲ್ಲೂ ಅಷ್ಟೇ. ಅದರಲ್ಲಿ ಯಾರು ಎಷ್ಟು ತೆಗೆದಿಟ್ಟುಕೊಳ್ಳುತ್ತಾರೆ ಎಂಬುದು ಆಯಾ ಊರಿನ ಕಟ್ಟಳೆ. ಹದಿನಾರು ಎಲ್ಲಿಂದ ಬಂತು ಎಂದು ತಿಳಿದವನಿಗೆ ಹನ್ನೊಂದು ಯಾಕಾಯಿತು ಎಂಬುದೂ ತಿಳಿಯುತ್ತದೆ.

ತರುಣ: ಹಾಗಾದರೆ ಕೊನೆಯ ಬಾಣ ಬಿಡುತ್ತೇನೆ. ಈ 32 ಬಿಟ್‌ಗಳ ಜಿಪುಣತನದಿಂದಲೇ ಅಲ್ಲವೇ ಇಷ್ಟು ರಗಳೆ? ಒಟ್ಟು ಇರುವುದು ಸುಮಾರು 429 ಕೋಟಿ ವಿಳಾಸ. 2011ರ ಫೆಬ್ರವರಿ 3ರಂದು ಜಾಗತಿಕ ಕಣಜದ ಕೊನೆಯ ಐದು ಪಾಲುಗಳನ್ನೂ ಐದು ಪ್ರಾದೇಶಿಕ ಸಂಸ್ಥೆಗಳಿಗೆ ಹಂಚಿ ಮುಗಿಸಿದರು. 1996ರ ಆರ್‌ಎಫ್‌ಸಿ 1918 ಖಾಸಗಿ ಬಳಕೆಗೆಂದು ತೆಗೆದಿಟ್ಟ 10, 172.16, 192.168ರ ವಿಳಾಸಗಳನ್ನು ಮನೆಮನೆಯಲ್ಲೂ ಮತ್ತೆ ಮತ್ತೆ ಬಳಸಿ, ನ್ಯಾಟ್ ಹಾಕಿ ಕಾಲ ತಳ್ಳುತ್ತಿದ್ದೇವೆ. ಐಪಿವಿ6ರಲ್ಲಿ 128 ಬಿಟ್. ನಮ್ಮ ಮೊಬೈಲ್ ಜಾಲಗಳಲ್ಲಿ ಅದು ಈಗಾಗಲೇ ಧಾರಾಳವಾಗಿ ಓಡುತ್ತಿದೆ. ಅಲ್ಲಿ 255ಗಳ ಮಾಸ್ಕ್ ಬರೆಯುವ ಪದ್ಧತಿಯೇ ಇಲ್ಲ. ಸಾಮಾನ್ಯ ಜಾಲವೆಂದರೆ /64, ಅರ್ಧ ಜಾಲಕ್ಕೆ, ಅರ್ಧ ಯಂತ್ರಕ್ಕೆ. ಸಂಸ್ಥೆಗೆ /48 ಕೊಟ್ಟರೆ ಅದರೊಳಗೆ 65,536 ಅಂಥ ಜಾಲ. ಹದಿನಾರರ ಎಣಿಕೆಯಲ್ಲಿ ಬರೆಯುವುದರಿಂದ ನಾಲ್ಕು ಬಿಟ್‌ಗೆ ಒಂದು ಅಕ್ಷರ. ಗೆರೆಯನ್ನು ಅಕ್ಷರಗಳ ನಡುವೆಯೇ ಹಾಕಿದರೆ ಯಾರೂ ಸೊನ್ನೆ-ಒಂದು ಬರೆಯಬೇಕಿಲ್ಲ. ನಾಳೆಯ ಹುಡುಗರಿಗೆ ನಿನ್ನೆಯ ಕೊರತೆಯ ಲೆಕ್ಕವನ್ನು ಯಾಕೆ ಹೊರಿಸಬೇಕು?

ಅಧ್ಯಾಪಕಿ: ಇಲ್ಲಿ ನೀನು ಅರ್ಧ ಗೆದ್ದೆ. ಚುಕ್ಕೆಗಳ ಮಾಸ್ಕ್ ಬರೆಯುವ ಕೌಶಲಕ್ಕೆ ಆಯಸ್ಸು ಕಡಿಮೆ ಎಂದು ಒಪ್ಪುತ್ತೇನೆ. ಆದರೆ ಗೆರೆ ಎಲ್ಲಿಗೆ ಹೋಯಿತು? /64 ಎಂದರೂ ಅದು ಗೆರೆಯೇ. ಅಲ್ಲೂ ಯಂತ್ರ ಕೇಳುವುದು ಒಳಗೋ ಹೊರಗೋ ಎಂದೇ. ಜೊತೆಗೆ, ನೀನು ಹೇಳಿದ ಆ ಖಾಸಗಿ ವಿಳಾಸಗಳು ಅಷ್ಟು ಬೇಗ ತೊಲಗುವುದಿಲ್ಲ. ಒಂದು ಸಂಸ್ಥೆಯ ಎರಡು ಶಾಖೆ, ಎರಡರಲ್ಲೂ ರೂಟರಿನಲ್ಲಿ ಮೊದಲೇ ಇದ್ದ 192.168.1.0/24 ಅನ್ನು ಹಾಗೇ ಬಿಟ್ಟಿದ್ದಾರೆ ಎಂದಿಟ್ಟುಕೋ. ಬೇರೆ ಬೇರೆಯಾಗಿ ಎರಡೂ ಸರಿ. ವಿಪಿಎನ್ ಹಾಕಿ ಒಂದುಗೂಡಿಸಿದ ದಿನ ಇಲ್ಲಿನ ಯಂತ್ರ ಅಲ್ಲಿನ 192.168.1.50ನ್ನು ಹುಡುಕುವುದು ತನ್ನ ಕೋಣೆಯಲ್ಲೇ. ಅದು ಒಳಗಿನದು ಎಂದು ಮಾಸ್ಕ್ ಖಚಿತವಾಗಿ ಹೇಳುತ್ತಿದೆ, ಪ್ಯಾಕೆಟ್ ಗೇಟ್‌ವೇವರೆಗೂ ಹೋಗುವುದಿಲ್ಲ. ನಿನ್ನ ಪ್ರಯೋಗಾಲಯದಲ್ಲಿ ಇದು ಮೊದಲೇ ಗೊತ್ತಾಗುತ್ತಿತ್ತೇ?

ತರುಣ: ಇಲ್ಲ. ನಿಮ್ಮ ಹಾಳೆಯಲ್ಲೂ ಗೊತ್ತಾಗುತ್ತಿರಲಿಲ್ಲ. ಎರಡೂ ಶಾಖೆಯ ಲೆಕ್ಕ ಪೂರ್ತಿ ಸರಿ. ತಪ್ಪಿದ್ದು ಯೋಜನೆ. ಒಂದಕ್ಕೆ 10.20.32.0/22, ಇನ್ನೊಂದಕ್ಕೆ 10.20.36.0/22 ಎಂದು ಮೊದಲೇ ಕೂತು ಹಂಚಬೇಕಿತ್ತು. ಹಾಗೆ ಹಂಚಿದ್ದರೆ ಹೊರಗಿನ ರೂಟರಿಗೆ ಎರಡನ್ನೂ ಸೇರಿಸಿ /21 ಎಂದು ಒಂದೇ ಸಾಲಿನಲ್ಲಿ ಹೇಳಿಬಿಡಬಹುದಿತ್ತು. ಮಾಸ್ಕ್ ಎಂದರೆ ಯಾರು ಯಾರಿಗೆ ನೆರೆ ಎಂದು ಮನುಷ್ಯರು ಮುಂಚಿತವಾಗಿ ಮಾಡಿಕೊಂಡ ಒಪ್ಪಂದ. ಅದನ್ನೇ ಮೊದಲು ಹೇಳಬೇಕು ಎನ್ನುವುದು ನನ್ನ ವಾದ. ಬಿಟ್ ಆಮೇಲೆ ಬರಲಿ.

ಅಧ್ಯಾಪಕಿ: 32ಕ್ಕೆ ಬದಲು 34ರಿಂದ /22 ಶುರುಮಾಡಲು ಯಾಕೆ ಬರುವುದಿಲ್ಲ ಎಂದು ಆ ಒಪ್ಪಂದಕ್ಕೆ ಕೂತ ಹೊಸಬ ಕೇಳಿದರೆ?

ತರುಣ: ಕ್ಯಾಲ್ಕುಲೇಟರ್ ಅದನ್ನು ತಿದ್ದುತ್ತದೆ. ಒತ್ತುವ ಮುನ್ನ ಉತ್ತರ ಊಹಿಸು ಎನ್ನುತ್ತೇನೆ. ನಾಲ್ಕು ಸಲ ಊಹೆ ತಪ್ಪಿದರೆ ನಾಲ್ಕು ನಾಲ್ಕಾಗಿಯೇ ಏರುತ್ತದೆ ಎನ್ನುವ ಜಾಡು ತಾನಾಗಿ ಹಿಡಿಯುತ್ತಾನೆ.

ಅಧ್ಯಾಪಕಿ: ಜಾಡು ಹಿಡಿಯುತ್ತಾನೆ, ಕಾರಣ ಹಿಡಿಯುವುದಿಲ್ಲ. ಕೊನೆಯ ಹತ್ತು ಬಿಟ್ ಯಂತ್ರಗಳಿಗೆ ಬಿಟ್ಟ ಮೇಲೆ ಮೂರನೆಯ ಸಂಖ್ಯೆಯ ಕೊನೆಯ ಎರಡು ಬಿಟ್ ಸೊನ್ನೆಯಾಗಿಯೇ ಶುರುವಾಗಬೇಕು. 34ರಲ್ಲಿ ಅವು 10. ಇಷ್ಟನ್ನು ಒಂದು ಸಲ ಬರೆದು ನೋಡಿದವನಿಗೆ ಮುಂದೆ ಊಹೆಯೇ ಬೇಡ. ಕ್ಯಾಲ್ಕುಲೇಟರ್ ಬೇಡವೆಂದು ನಾನು ಹೇಳುತ್ತಿಲ್ಲ. ಅದಕ್ಕೆ ನೀನು ಕೊಟ್ಟ ಮಾಸ್ಕೇ ತಪ್ಪಿದ್ದರೆ ಅದು ತುಟಿ ಬಿಚ್ಚುವುದಿಲ್ಲ ಎನ್ನುತ್ತಿದ್ದೇನೆ.

ತರುಣ: ಕೈಲೆಕ್ಕವೂ ಬಿಚ್ಚುವುದಿಲ್ಲ ಮೇಡಂ. ತಪ್ಪು ಮಾಸ್ಕಿಗೂ ಅದು ಅಷ್ಟೇ ಶಿಸ್ತಾಗಿ ಉತ್ತರ ಕೊಡುತ್ತದೆ. ತಪ್ಪಿದೆ ಎಂದು ತಿಳಿಯಬೇಕಾದರೆ ಪಕ್ಕದ ಯಂತ್ರದ ಸೆಟ್ಟಿಂಗ್ಸ್ ತೆರೆದು ಎರಡನೆಯ ಸಾಲನ್ನು ಹೋಲಿಸಿ ನೋಡಲೇಬೇಕು.